ಐದನೇ ತರಗತಿಯ ಗಣಿತಕ್ಕೆ ಪಾಯಿಂಟ್, ಬ್ಯಾಡ್ಜ್, ಬಹುಮಾನ: ಬೇಕೇ, ಬೇಡವೇ?

ಏಲಕ್ಕಿ ಸೀಮೆ ಟೀಚರ್

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಐದನೇ ತರಗತಿಗೆ ಗಣಿತ ಕಲಿಸುತ್ತಿದ್ದೇನೆ. ಮಕ್ಕಳಿಗೆ ಗಣಿತದಲ್ಲಿ ಹುರುಪು ಬರಲೆಂದು ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರೊಬ್ಬರು ಈ ವರ್ಷ ಬಹುಮಾನಗಳಿಗಾಗಿ ಹಣ ಕೊಡಲು ಒಪ್ಪಿದ್ದಾರೆ. ಮುಖ್ಯೋಪಾಧ್ಯಾಯರು ಮೊಬೈಲ್ ಆಟಗಳ ಮಾದರಿಯಲ್ಲಿಯೇ ಒಂದು ಯೋಜನೆ ಹಾಕಿದ್ದಾರೆ: ಸರಿಯಾದ ಪ್ರತಿ ಲೆಕ್ಕಕ್ಕೆ ಹತ್ತು ಪಾಯಿಂಟ್, ನೂರು ಪಾಯಿಂಟ್ ಆದವರಿಗೆ ಬ್ಯಾಡ್ಜ್, ಗೋಡೆಯ ಮೇಲೆ ಎಲ್ಲರ ಹೆಸರೂ ಸ್ಥಾನವೂ ಇರುವ ದೊಡ್ಡ ಪಟ್ಟಿ, ತಿಂಗಳ ಕೊನೆಗೆ ಮೊದಲ ಮೂವರಿಗೆ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಬಹುಮಾನ. ಮುಂದಿನ ತಿಂಗಳು ಭಿನ್ನರಾಶಿಯ ಪಾಠ ಶುರುವಾಗಲಿರುವುದರಿಂದ ಅಲ್ಲಿಂದಲೇ ಇದನ್ನು ಆರಂಭಿಸೋಣ ಎಂದಿದ್ದಾರೆ.

ನನಗೆ ಇದರಲ್ಲಿ ಅರ್ಧ ನಂಬಿಕೆ, ಅರ್ಧ ಅಳುಕು. ಮನೆಯಲ್ಲಿ ಮೊಬೈಲ್ ಕೈಗೆ ಸಿಕ್ಕರೆ ಒಂದೇ ಹಂತವನ್ನು ಮತ್ತೆ ಮತ್ತೆ ಸೋತರೂ ಬಿಡದೆ ಆಡುವ ಹುಡುಗನೇ, ನೋಟುಪುಸ್ತಕದಲ್ಲಿ ಒಂದು ಲೆಕ್ಕ ತಪ್ಪಾದ ಕೂಡಲೇ ಪೆನ್ಸಿಲ್ ಕೆಳಗಿಟ್ಟುಬಿಡುತ್ತಾನೆ. ಆಟದಲ್ಲಿರುವ ಯಾವುದೋ ಒಂದು ಗುಣ ಅವನನ್ನು ಹಿಡಿದಿಡುತ್ತಿದೆ ಎಂಬುದಂತೂ ನಿಜ. ಆದರೆ ಆ ಗುಣ ಪಾಯಿಂಟ್ ಪಟ್ಟಿಯೇ ಎಂದು ಹೇಳಲು ನನಗೆ ಧೈರ್ಯವಿಲ್ಲ. ತರಗತಿಯಲ್ಲಿ ಇಂಥದ್ದನ್ನು ನಡೆಸಿ ನೋಡಿದವರು, ಆಟಗಳನ್ನು ರೂಪಿಸುವ ಕೆಲಸದಲ್ಲಿರುವವರು ದಯವಿಟ್ಟು ತಿಳಿಸಬೇಕು. ಸ್ಮಾರ್ಟ್ ಕ್ಲಾಸ್ ನಮ್ಮಲ್ಲಿಲ್ಲ. ಚಾಕ್‌ಪೀಸ್, ರಟ್ಟು, ಕವಡೆ, ಹುಣಸೆಬೀಜ ಎಷ್ಟು ಬೇಕಾದರೂ ಇವೆ.

ಜಯನಗರದ ಟ್ಯೂಷನ್ ಮನೆ

ಟೀಚರ್ ಅವರೇ, ನಿಮ್ಮ ಮುಖ್ಯೋಪಾಧ್ಯಾಯರ ಪರವಾಗಿ ಮೊದಲು ನಾನೇ ಮಾತಾಡುತ್ತೇನೆ. ಮನೆಯಲ್ಲಿ ಟ್ಯೂಷನ್ ನಡೆಸುತ್ತೇನೆ; 20ರವರೆಗಿನ ಮಗ್ಗಿ ಬಾಯಿಪಾಠ ಮಾಡಿಸುವುದು ನನ್ನ ನಿತ್ಯದ ಕಷ್ಟ. ಪ್ರತಿ ಮಗುವಿಗೂ ಒಂದು ರಟ್ಟಿನ ಕಾರ್ಡ್ ಕೊಟ್ಟು, ಒಂದು ಮಗ್ಗಿ ತಡವರಿಸದೆ ಒಪ್ಪಿಸಿದರೆ ಒಂದು ಮುದ್ರೆ, ಕಾರ್ಡ್ ತುಂಬಿದರೆ ಒಂದು ಸಣ್ಣ ಬಹುಮಾನ ಎಂದು ನಿಯಮ ಮಾಡಿದ್ದೇನೆ. ಬಾಯಿ ಬಿಡದೆ ಕೂರುತ್ತಿದ್ದ ಮಕ್ಕಳು ಈಗ ಚಪ್ಪಲಿ ಬಿಡುವ ಮೊದಲೇ ಹದಿಮೂರರ ಮಗ್ಗಿ ಒಪ್ಪಿಸಲು ನಿಲ್ಲುತ್ತಾರೆ. ಕಲಿಕೆಯೇ ಆನಂದ, ಅದಕ್ಕೆ ಬಹುಮಾನವೇಕೆ ಎಂದು ಹೇಳುವವರು ಇಲ್ಲಿ ಬಂದೇ ಬರುತ್ತಾರೆ. ಮಗ್ಗಿಯಲ್ಲಿ ಸಹಜವಾದ ಆನಂದವಿದೆ ಎನ್ನುವವರು ಮಗ್ಗಿ ಕಲಿಸಿದವರಲ್ಲ ಎಂದಷ್ಟೇ ಹೇಳಬಲ್ಲೆ.

ಮನಶ್ಶಾಸ್ತ್ರದ ವಿದ್ಯಾರ್ಥಿನಿ

ಮೇಲಿನವರ ಅನುಭವವನ್ನು ಅಲ್ಲಗಳೆಯುತ್ತಿಲ್ಲ, ಆದರೆ ಈ ಚರ್ಚೆಯಲ್ಲಿ ಒಂದು ಹಳೆಯ ಪ್ರಯೋಗದ ವಿಷಯ ಬರಲೇಬೇಕು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಸಂಶೋಧಕರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗವದು. ಬಣ್ಣದ ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ಬಂಗಾರದ ನಕ್ಷತ್ರವೂ ರಿಬ್ಬನ್ನೂ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ ಕೊನೆಯಲ್ಲಿ ಅದೇ ಪ್ರಶಸ್ತಿ ಕೊಟ್ಟರು. ಮೂರನೆಯ ಗುಂಪಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರಗಳ ನಂತರ, ಯಾವ ಬಹುಮಾನದ ಮಾತೂ ಇಲ್ಲದೆ ಅದೇ ಪೆನ್ನುಗಳನ್ನು ತರಗತಿಯಲ್ಲಿಟ್ಟು ದೂರದಿಂದ ಗಮನಿಸಿದಾಗ, ಮೊದಲೇ ಬಹುಮಾನದ ಆಸೆ ತೋರಿಸಲ್ಪಟ್ಟಿದ್ದ ಮಕ್ಕಳು ಉಳಿದವರು ಚಿತ್ರಕ್ಕೆ ಕೊಟ್ಟ ಸಮಯದ ಸುಮಾರು ಅರ್ಧದಷ್ಟನ್ನು ಮಾತ್ರ ಕೊಟ್ಟರು.

ಗಮನಿಸಬೇಕಾದದ್ದು ಬಹುಮಾನವನ್ನಲ್ಲ, ಕರಾರನ್ನು. ಎರಡನೆಯ ಗುಂಪಿಗೂ ಪ್ರಶಸ್ತಿ ಸಿಕ್ಕಿತ್ತು, ಅವರ ಆಸಕ್ತಿಗೆ ಏನೂ ಆಗಲಿಲ್ಲ. "ಇದನ್ನು ಮಾಡಿದರೆ ಅದು" ಎಂಬ ಒಪ್ಪಂದ ಬಂದ ಗುಂಪಿನಲ್ಲಿ ಮಾತ್ರ ಚಿತ್ರ ಬಿಡಿಸುವುದು ಆಟವಾಗಿ ಉಳಿಯದೆ ಕೂಲಿಯ ಕೆಲಸವಾಯಿತು. ನಿಮ್ಮ ಮುಖ್ಯೋಪಾಧ್ಯಾಯರ ಯೋಜನೆಯೂ ಇಂಥ ಕರಾರೇ.

ಜಯನಗರದ ಟ್ಯೂಷನ್ ಮನೆ

ಆ ಮಕ್ಕಳಿಗೆ ಚಿತ್ರ ಬಿಡಿಸುವುದು ಮೊದಲೇ ಇಷ್ಟವಿತ್ತು ಎಂದು ನೀವೇ ಬರೆದಿದ್ದೀರಿ. ನನ್ನ ಮಕ್ಕಳಿಗೆ ಮಗ್ಗಿಯೆಂದರೆ ಮೊದಲಿನಿಂದಲೂ ಆಗದು. ಇಲ್ಲದ ಆಸಕ್ತಿ ಕುಂದುವುದು ಹೇಗೆ?

ಮನಶ್ಶಾಸ್ತ್ರದ ವಿದ್ಯಾರ್ಥಿನಿ

ನ್ಯಾಯವಾದ ಪ್ರಶ್ನೆ. ಈ ವಿಷಯದಲ್ಲಿ ಸಂಶೋಧಕರೇ ವರ್ಷಗಟ್ಟಲೆ ಜಗಳವಾಡಿದ್ದಾರೆ. ಜೂಡಿ ಕ್ಯಾಮರಾನ್ ಮತ್ತು ಡೇವಿಡ್ ಪಿಯರ್ಸ್ 1994ರಲ್ಲಿ, ಬಹುಮಾನದಿಂದ ಹಾನಿಯಾಗುತ್ತದೆ ಎಂಬ ಮಾತು ಅತಿಯಾಯಿತು ಎಂದು ವಾದಿಸಿದರು. 1999ರಲ್ಲಿ ಎಡ್ವರ್ಡ್ ಡೆಸಿ, ರಿಚರ್ಡ್ ಕೋಸ್ಟ್ನರ್, ರಿಚರ್ಡ್ ರಯಾನ್ ಅವರು 128 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಮೊದಲೇ ನಿರೀಕ್ಷಿಸಿದ ವಸ್ತುರೂಪದ ಬಹುಮಾನ ಆಸಕ್ತಿಯನ್ನು ಕುಗ್ಗಿಸುತ್ತದೆ, ಆದರೆ ಕೆಲಸದ ಬಗ್ಗೆ ಹೇಳುವ ಮೆಚ್ಚುಗೆಯ ಮಾತು ಅದನ್ನು ಹೆಚ್ಚಿಸುತ್ತದೆ ಎಂದು ತೋರಿಸಿದರು. ನೀರಸ ಕೆಲಸಕ್ಕೆ ಬಹುಮಾನ ಕೊಟ್ಟರೆ ಕಳೆದುಕೊಳ್ಳಲು ಹೆಚ್ಚೇನೂ ಇರುವುದಿಲ್ಲ ಎಂಬಲ್ಲಿ ಎರಡೂ ಪಕ್ಷದವರು ಹೆಚ್ಚುಕಡಿಮೆ ಒಪ್ಪುತ್ತಾರೆ. ಆದ್ದರಿಂದ ನಿಮ್ಮ ಮುದ್ರೆಯ ಕಾರ್ಡಿಗೆ ನನ್ನ ತಕರಾರಿಲ್ಲ. ಆದರೆ ಭಿನ್ನರಾಶಿ ಮಗ್ಗಿಯಂಥದ್ದೇ ಎಂದು ನಾವು ಈಗಲೇ ತೀರ್ಮಾನಿಸಿಬಿಟ್ಟರೆ, ಅದರಲ್ಲಿ ಯೋಚಿಸುವ ಸುಖವೇನಾದರೂ ಇದ್ದರೆ ಅದನ್ನು ಮಕ್ಕಳಿಗೆ ತೋರಿಸುವ ಮೊದಲೇ ಮುಚ್ಚಿಟ್ಟಂತಾಗುತ್ತದೆ.

ಇಬ್ಬರು ಮಕ್ಕಳ ತಾಯಿ

ನನ್ನ ಕಿರಿಯ ಮಗಳ ತರಗತಿಯಲ್ಲಿ ಇಂಥ ಪಟ್ಟಿ ಇದೆ. ಮೊದಲ ಸಾಲಿನಲ್ಲಿರುವ ನಾಲ್ಕೈದು ಮಕ್ಕಳ ನಡುವೆ ಪೈಪೋಟಿ ನಡೆಯುತ್ತದೆ, ಉಳಿದವರು ನೋಡುತ್ತಾರೆ. ಮೊದಲನೆಯವರಿಗೂ ತನಗೂ ಇರುವ ಅಂತರ ತುಂಬಲಾರದಷ್ಟಾಯಿತು ಎಂದು ಖಾತ್ರಿಯಾದ ದಿನದಿಂದ ನನ್ನ ಮಗಳು ಆ ಗೋಡೆಯ ಕಡೆ ತಿರುಗಿಯೂ ನೋಡುವುದಿಲ್ಲ. "ಅದು ಅವರದ್ದಮ್ಮಾ" ಎನ್ನುತ್ತಾಳೆ. ಗಣಿತವೂ ಅವರದ್ದೇ ಎಂದು ಯಾವಾಗ ಹೇಳುತ್ತಾಳೋ ಎಂಬ ಭಯ ನನಗೆ. ಯಾರನ್ನು ಹುರಿದುಂಬಿಸಬೇಕಾಗಿತ್ತೋ ಅವರನ್ನೇ ಪಟ್ಟಿ ಹೊರಗಿಟ್ಟಿತು ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ.

ಕಬಿನಿ ತೀರ

ಟೀಚರ್ ಅವರೇ, ನಿಮ್ಮ ಐದನೇ ತರಗತಿಯ ಮಕ್ಕಳಲ್ಲಿ ಬಹುಪಾಲು ಜನ ಒಂದರಿಂದ ಮೂರರವರೆಗೆ ನಲಿಕಲಿ (ಕಾರ್ಡ್, ಚಟುವಟಿಕೆಗಳ ಮೂಲಕ ಮಗು ತನ್ನ ವೇಗದಲ್ಲಿ ಕಲಿಯುವ ಪದ್ಧತಿ) ಕೊಠಡಿಯಲ್ಲಿ ಕೂತು ಬಂದವರೇ ಅಲ್ಲವೇ? ಹಾಗಾದರೆ ಒಳ್ಳೆಯ ಆಟದ ರಚನೆ ಹೇಗಿರುತ್ತದೆಂದು ನಮಗಿಂತ ಚೆನ್ನಾಗಿ ಆ ಮಕ್ಕಳಿಗೇ ಗೊತ್ತಿದೆ. ನಾನು ನಲಿಕಲಿಯ ಸಂಪನ್ಮೂಲ ವ್ಯಕ್ತಿಯಾಗಿ ಕೆಲಸ ಮಾಡಿ ನಿವೃತ್ತನಾದವನು, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆದರೆ ಕ್ಷಮೆಯಿರಲಿ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಆರಂಭವಾದಾಗ, ನಮ್ಮ ಶಿಕ್ಷಕರು ಮದನಪಲ್ಲಿ ಸಮೀಪದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಅಲ್ಲಿನ ಮಾದರಿಯನ್ನು ಕನ್ನಡಕ್ಕೂ ನಮ್ಮ ಮಕ್ಕಳಿಗೂ ಹೊಂದಿಸಿಕೊಂಡರು. ವಿಡಿಯೋ ಗೇಮ್ ಎಂಬುದು ಅವರ ಯಾರ ತಲೆಯಲ್ಲೂ ಇರಲಿಲ್ಲ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಗೋಡೆಯ ಮೇಲೆ ಕಲಿಕಾ ಏಣಿ, ಏಣಿಯ ಪ್ರತಿ ಮೆಟ್ಟಿಲಿಗೂ ಒಂದು ಚಿಹ್ನೆ, ಒಂದು ಸಂಖ್ಯೆ. ಮಗು ತಾನು ನಿಂತಿರುವ ಮೆಟ್ಟಿಲಿನ ಮೇಲೆ ಬೆರಳಿಟ್ಟು, ಮುಂದಿನ ಚಿಹ್ನೆ ನೋಡಿಕೊಂಡು, ಅದೇ ಚಿಹ್ನೆಯ ಕಾರ್ಡನ್ನು ತಾನೇ ಹುಡುಕಿ ತಂದು, ಆ ಕಾರ್ಡಿಗೆ ಗೊತ್ತುಮಾಡಿದ ಗುಂಪಿನಲ್ಲಿ ಹೋಗಿ ಕೂರುತ್ತದೆ. ಒಂದು ಗುಂಪಿನಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಮುಂದಿನದರಲ್ಲಿ ಸ್ವಲ್ಪ ಮಾತ್ರ, ಆಮೇಲೆ ಗೆಳೆಯರ ನೆರವು, ಅದೂ ಕಡಿಮೆಯಾಗುತ್ತಾ ಬಂದು ಕೊನೆಗೆ ಮಗು ಒಂಟಿಯಾಗಿ ಮಾಡುತ್ತದೆ. ಒಂದು ಮೈಲಿಗಲ್ಲು ಮುಗಿದಾಗ ಪ್ರಗತಿ ನೋಟದಲ್ಲಿ ತನ್ನ ಹೆಸರಿನ ಮುಂದೆ ಗುರುತು ಹಾಕಿಸಿಕೊಳ್ಳುತ್ತದೆ.

ಇದರಲ್ಲಿ ಬಹುಮಾನ ಎಲ್ಲಿದೆ? ಎಲ್ಲಿಯೂ ಇಲ್ಲ. ಆದರೂ ಮಗು ಕಾರ್ಡಿಗೆ ಓಡುತ್ತದೆ, ಏಕೆಂದರೆ ಮುಂದಿನ ಹೆಜ್ಜೆ ಯಾವುದೆಂದು ಅದಕ್ಕೆ ಗೊತ್ತಿದೆ, ಆ ಹೆಜ್ಜೆ ತನ್ನ ಕಾಲಳತೆಗೆ ಎಟುಕುವಂತಿದೆ. ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೆತ್ತವರೊಂದಿಗೆ ಹೋಗಿ ತಿಂಗಳು ಬಿಟ್ಟು ಬಂದ ಮಗು, ಪಾಠ ಎಷ್ಟೋ ಮುಂದೆ ಹೋಯಿತೆಂದು ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ; ಬಿಟ್ಟುಹೋದ ಮೆಟ್ಟಿಲು ಅಲ್ಲಿಯೇ ಇರುತ್ತದೆ.

ಅಕ್ಷರಗಳ ಕ್ರಮವನ್ನೇ ನೋಡಿ. ಅ ಆ ಇ ಈ ಎಂದು ಐವತ್ತು ಅಕ್ಷರ ದಾಟಿದ ಮೇಲೆ ಓದು ಎನ್ನದೆ, ರ ಗ ಸ ದ ಅ ಎಂಬ ಐದರಿಂದ ಶುರುಮಾಡುತ್ತೇವೆ. ಆ ಐದು ಬಂದ ಕೂಡಲೇ ಸರ, ದರ, ಅರಸ, ಅಗಸ, ಗರಗಸ ಎಂದು ಮಗು ಓದುತ್ತದೆ. ನಮ್ಮ ಮೈಸೂರು ಸೀಮೆಯಲ್ಲಿ ದಸರ ಎಂದೂ ಓದುತ್ತದೆ. ಅಕ್ಷರ ಕಲಿತದ್ದರ ಫಲ ಓದುವ ಶಕ್ತಿಯಾಗಿ ಆಗಲೇ ಕೈಗೆ ಸಿಗುತ್ತದೆ, ನಕ್ಷತ್ರದ ಸ್ಟಿಕ್ಕರಾಗಿ ಅಲ್ಲ.

ಕುಂದುಗಳೂ ಇದ್ದವು. ಕಾರ್ಡ್‌ಗಳು ಹರಿಯುತ್ತಿದ್ದವು, ಬರೆಯಬೇಕಾದ ದಾಖಲೆಗಳಿಗೆ ಕೊನೆಯಿರಲಿಲ್ಲ, ಮೂರೂ ತರಗತಿಗೆ ಒಬ್ಬರೇ ಶಿಕ್ಷಕರಿದ್ದ ಕಡೆ ಗುಂಪುಗಳು ಹೆಸರಿಗೆ ಮಾತ್ರ ನಡೆಯುತ್ತಿದ್ದವು. ಇವೆಲ್ಲಕ್ಕಿಂತ ನನಗೆ ಬೇಸರ ತರುತ್ತಿದ್ದದ್ದು ನಾಲ್ಕನೇ ತರಗತಿಯ ಮೊದಲ ವಾರ. ಮಕ್ಕಳು ಹೊಸ ಕೊಠಡಿಯ ಗೋಡೆಗಳನ್ನೆಲ್ಲ ನೋಡಿ, "ಏಣಿ ಎಲ್ಲಿ ಸರ್?" ಎಂದು ಕೇಳುತ್ತಿದ್ದರು.

ಜಯನಗರದ ಟ್ಯೂಷನ್ ಮನೆ

ಪ್ರಗತಿ ನೋಟವೂ ಗೋಡೆಯ ಮೇಲಿನ ಪಟ್ಟಿಯೇ ಅಲ್ಲವೇ ಸರ್? ಯಾರು ಹಿಂದಿದ್ದಾರೆಂದು ಅದರಲ್ಲೂ ಕಾಣುತ್ತದೆ.

ಕಬಿನಿ ತೀರ

ಕಾಣುತ್ತದೆ, ಅಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ಒಬ್ಬರು ಮೆಟ್ಟಿಲು ಹತ್ತಿದರೆ ಇನ್ನೊಬ್ಬರು ಇಳಿಯುವುದಿಲ್ಲ. ಸ್ಥಾನದ ಪಟ್ಟಿಯಲ್ಲಿ ನಾನು ಒಂದಿಷ್ಟೂ ಹಿಂದೆ ಹೋಗದೆ, ಹತ್ತು ಲೆಕ್ಕ ಹೆಚ್ಚೇ ಮಾಡಿದ್ದರೂ, ಪಕ್ಕದವನು ಹನ್ನೆರಡು ಮಾಡಿದನೆಂಬ ಕಾರಣಕ್ಕೆ ಕೆಳಗೆ ಬೀಳುತ್ತೇನೆ. ಇನ್ನೊಂದು ಮಾತು: ಏಣಿಯಲ್ಲಿ ಮುಂದೆ ಹೋದ ಮಗುವಿಗೆ ಹಿಂದಿನವರ ಜೊತೆ ಕೂತು ನೆರವಾಗುವ ಕೆಲಸವಿದೆ. ಬಹುಮಾನ ಮೂವರಿಗೆ ಮಾತ್ರ ಎಂದಾದ ಮೇಲೆ ಯಾವ ಮಗು ಪಕ್ಕದವನಿಗೆ ಹೇಳಿಕೊಟ್ಟೀತು?

ಕೋರಮಂಗಲದ ಆಟಗಾರ

ಕಬಿನಿ ತೀರದ ಸರ್ ಬರೆದದ್ದನ್ನು ಓದಿದಾಗ, ನಮ್ಮ ಕಚೇರಿಯಲ್ಲಿ ಹೊಸಬರಿಗೆ ವಾರಗಟ್ಟಲೆ ಕಲಿಸುವುದನ್ನು ಇವರು ನಾಲ್ಕು ಪ್ಯಾರಾದಲ್ಲಿ ಮುಗಿಸಿದರಲ್ಲ ಅನ್ನಿಸಿತು. ಮೊಬೈಲ್ ಆಟಗಳ ಹಂತಗಳನ್ನು ರೂಪಿಸುವುದೇ ನನ್ನ ಉದ್ಯೋಗ. ಒಂದು ಆಟವನ್ನು ಕಟ್ಟುವಾಗ ಪಾಯಿಂಟ್ ಎಷ್ಟಿರಬೇಕೆಂಬ ಮಾತು ಬಹಳ ತಡವಾಗಿ ಬರುತ್ತದೆ. ಮೊದಲು ಬರುವುದು, ಆಡುವವನ ಮುಂದಿರುವ ಆಯ್ಕೆ ಏನು, ಆ ಆಯ್ಕೆ ತಪ್ಪಾದರೆ ಏನು ಕಾಣುತ್ತದೆ, ಮತ್ತೆ ಪ್ರಯತ್ನಿಸಲು ಎಷ್ಟು ಹೊತ್ತು ಬೇಕು ಎಂಬುದು. ಟೀಚರ್ ಹೇಳಿದ ಹುಡುಗ ಮೊಬೈಲಿನಲ್ಲಿ ಅಷ್ಟು ಸಲ ಸೋಲಲು ಹಿಂಜರಿಯದಿರುವುದು ಅಲ್ಲಿ ಸೋಲು ಅಗ್ಗವಾಗಿರುವುದರಿಂದ: ಒಂದೇ ಗಳಿಗೆಯಲ್ಲಿ ಮರಳಿ ಶುರುಮಾಡಬಹುದು, ಯಾರೂ ನೋಡುವುದಿಲ್ಲ, ಎಲ್ಲಿ ಎಡವಿದೆನೆಂದು ಪರದೆಯ ಮೇಲೆ ಕಾಣುತ್ತದೆ. ನೋಟುಪುಸ್ತಕದಲ್ಲಿ ಒಂದು ಕೆಂಪು ಗೀಟು ಬೀಳುತ್ತದೆ. ಅದು ಮರುದಿನ ಬರುತ್ತದೆ, ಅಳಿಸಲು ಬರುವುದಿಲ್ಲ, ತಪ್ಪು ಎಂದಷ್ಟೇ ಹೇಳುತ್ತದೆ.

ಭಿನ್ನರಾಶಿಗೇ ಸಂಬಂಧಿಸಿದ ಹಳೆಯ ಉದಾಹರಣೆಯೊಂದಿದೆ. 1980ರ ಸುಮಾರಿಗೆ ಥಾಮಸ್ ಮೆಲೋನ್ ಎಂಬ ಸಂಶೋಧಕರು ಡಾರ್ಟ್ಸ್ ಎಂಬ ಕಂಪ್ಯೂಟರ್ ಆಟವನ್ನು ಐದನೇ ತರಗತಿಯ ಮಕ್ಕಳ ಮೇಲೆಯೇ ಪರೀಕ್ಷಿಸಿದರು. ಪರದೆಯ ಮೇಲೆ ಒಂದು ಸಂಖ್ಯಾರೇಖೆ, ಅದರ ಮೇಲೆ ಅಲ್ಲಲ್ಲಿ ಬಲೂನುಗಳು. ಬಲೂನಿರುವ ಜಾಗವನ್ನು ಭಿನ್ನರಾಶಿಯಲ್ಲಿ ಅಂದಾಜು ಮಾಡಿ ಬರೆದರೆ ಬಾಣ ಅಲ್ಲಿಗೆ ಹಾರುತ್ತದೆ. ಅಂದಾಜು ತಪ್ಪಿದರೆ ಬಾಣ ಎಲ್ಲಿಗೆ ಬಿತ್ತೆಂದು ಮಗುವಿಗೆ ಕಾಣುತ್ತದೆ, ಆದ್ದರಿಂದ ತಾನು ಬರೆದ ಸಂಖ್ಯೆ ದೊಡ್ಡದಾಯಿತೋ ಸಣ್ಣದಾಯಿತೋ ಎಂದು ಯಾರೂ ಹೇಳಬೇಕಾಗಿಲ್ಲ. ಒಂದೊಂದೇ ಅಂಶವನ್ನು ತೆಗೆದುಹಾಕಿ ಹಲವು ರೂಪಗಳನ್ನು ಮಾಡಿ ನೋಡಿದ ಅವರಿಗೆ, ಬಾಣ ಬಲೂನಿನ ವೇಷ ಹುಡುಗರಿಗೆ ಹಿಡಿಸಿದಷ್ಟು ಹುಡುಗಿಯರಿಗೆ ಹಿಡಿಸಲಿಲ್ಲ ಎಂಬುದೂ ಕಂಡಿತು. ಬಣ್ಣದ ವೇಷಕ್ಕೆ ಖರ್ಚು ಮಾಡುವವರು ಇದನ್ನು ನೆನಪಿಡಬೇಕು.

ಇನ್ನೊಂದು ಪ್ರಯೋಗ ಇದಕ್ಕಿಂತ ಹರಿತವಾಗಿದೆ. ಇಂಗ್ಲೆಂಡಿನ ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಏನ್ಸ್‌ವರ್ತ್ ಭಾಗಾಕಾರ ಕಲಿಸಲು ಜಾಂಬಿ ಡಿವಿಷನ್ ಎಂಬ ಆಟವನ್ನು ಎರಡು ಬಗೆಯಲ್ಲಿ ಮಾಡಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದರಲ್ಲಿ ಎದುರು ಬರುವ ಅಸ್ಥಿಪಂಜರದ ಎದೆಯ ಮೇಲೆ ಒಂದು ಸಂಖ್ಯೆಯಿರುತ್ತದೆ, ಆ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಆಯುಧವನ್ನೇ ಆರಿಸಿ ಹೊಡೆಯಬೇಕು, ಲೆಕ್ಕವೇ ಕಾಳಗ. ಇನ್ನೊಂದರಲ್ಲಿ ಕಾಳಗ ಬೇರೆ, ನಡುನಡುವೆ ಬರುವ ಲೆಕ್ಕದ ಪ್ರಶ್ನೆಗಳು ಬೇರೆ. ಮೊದಲನೆಯದನ್ನು ಆಡಿದವರು ಹೆಚ್ಚು ಕಲಿತರು. ಯಾವುದನ್ನು ಬೇಕಾದರೂ ಆಡಿ ಎಂದು ಬಿಟ್ಟಾಗ ಮಕ್ಕಳು ಅದಕ್ಕೆ ಏಳು ಪಟ್ಟು ಹೆಚ್ಚು ಹೊತ್ತು ಕೊಟ್ಟರು. ಹತ್ತು ಲೆಕ್ಕ ಮಾಡಿ ನೂರು ಪಾಯಿಂಟ್ ಗಳಿಸುವ ಯೋಜನೆ ಈ ಎರಡನೆಯ ಬಗೆಗೆ ಸೇರಿದ್ದು, ಅದೂ ಕಾಳಗವಿಲ್ಲದೆ.

ಈಗ ಟೀಚರ್ ಅವರ ಕವಡೆ, ರಟ್ಟಿಗೆ ಬರೋಣ. ಚೌಕಾಬಾರ ಎಲ್ಲ ಮಕ್ಕಳಿಗೂ ಗೊತ್ತು. ನೆಲದ ಮೇಲೆ ಒಂದು ಉದ್ದನೆಯ ಪಟ್ಟಿ ಬರೆದು ಹನ್ನೆರಡು ಮನೆ ಮಾಡಿ. ಒಂದು ತುದಿ 0, ಇನ್ನೊಂದು ತುದಿ 1. ರಟ್ಟಿನ ಚೀಟಿಗಳಲ್ಲಿ 1/2, 1/3, 1/4, 1/6, 1/12 ಎಂದು ಬರೆದು, ಅವುಗಳ ಜೊತೆಗೆ 2/6, 2/4, 3/12 ಮುಂತಾದವನ್ನೂ ಸೇರಿಸಿ. ಪ್ರತಿಯೊಬ್ಬರ ಕೈಯಲ್ಲಿ ಯಾವಾಗಲೂ ಎರಡು ಚೀಟಿ. ಸರದಿ ಬಂದಾಗ ಒಂದನ್ನು ಆಡಿ, ಅಷ್ಟು ಮನೆ ಕಾಯಿ ನಡೆಸಿ, ಹೊಸದೊಂದು ಚೀಟಿ ಎತ್ತಿಕೊಳ್ಳಬೇಕು. ಸರಿಯಾಗಿ 1ಕ್ಕೆ ಬಂದು ನಿಂತರೆ ಕಾಯಿ ಹಣ್ಣಾಗುತ್ತದೆ, ದಾಟುವಂತಿದ್ದರೆ ಆ ಚೀಟಿ ಆಡುವಂತಿಲ್ಲ. ಏಳನೇ ಮನೆಯಲ್ಲಿ ನಿಂತು 1/2 ಮತ್ತು 1/4 ಹಿಡಿದಿರುವ ಮಗು, ಅರ್ಧವೆಂದರೆ ಆರು ಮನೆ, ದಾಟಿಹೋಗುತ್ತದೆ, ಕಾಲು ಎಂದರೆ ಮೂರು, ಹತ್ತಕ್ಕೆ ನಿಲ್ಲುತ್ತೇನೆ, ಆಮೇಲೆ 1/6 ಬಂದರೆ ಸಾಕು ಎಂದು ತಾನೇ ಲೆಕ್ಕ ಹಾಕುತ್ತದೆ. ಚೌಕಾಬಾರದಂತೆ, ಇನ್ನೊಬ್ಬರ ಕಾಯಿ ಇರುವ ಮನೆಗೆ ಹೋದರೆ ಆ ಕಾಯಿಯನ್ನು ಕಡಿಯಬಹುದು ಎಂದೂ ಇಡಿ. ಶೂನ್ಯದಿಂದ 2/6 ಆಡಿ ನಿಂತ ಹುಡುಗಿಯ ಕಾಯಿಯನ್ನು ಶೂನ್ಯದಿಂದಲೇ 1/3 ಆಡಿದವನು ಕಡಿದಾಗ, "ನನ್ನದು ಬೇರೆ, ನಿನ್ನದು ಬೇರೆ" ಎಂಬ ಜಗಳ ಏಳುತ್ತದೆ. ಸಮಾನ ಭಿನ್ನರಾಶಿಯ ಪಾಠವನ್ನು ಆ ಜಗಳ ಬಿಡಿಸುವ ನೆಪದಲ್ಲಿ ಮಾಡಿದರೆ ಸಾಕು.

ಕಲಬುರಗಿ ಹೈಸ್ಕೂಲ್ ಮೇಷ್ಟ್ರು

ಓದಲು ಚೆನ್ನಾಗಿದೆ. ಆದರೆ ಒಂದು ಕೊಠಡಿಯಲ್ಲಿ 60ಕ್ಕೂ ಹೆಚ್ಚು ಮಕ್ಕಳು, ನಲವತ್ತು ನಿಮಿಷದ ಅವಧಿ, ಮುಗಿಸಲೇಬೇಕಾದ ಪಠ್ಯ, ತಲೆಯ ಮೇಲೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಕತ್ತಿ ಇರುವವರು ನೆಲದ ಮೇಲೆ ಮನೆ ಬರೆದು ಕೂರುವುದು ಯಾವಾಗ? ಪಾಯಿಂಟ್ ಪಟ್ಟಿಗೆ ಶಿಕ್ಷಕರು ಒಲಿಯುವುದು ಅದರ ಮೇಲಿನ ನಂಬಿಕೆಯಿಂದಲ್ಲ, ಅದಕ್ಕೆ ಸಮಯ ಬೇಕಾಗಿಲ್ಲ ಎಂಬುದರಿಂದ. ಪಾಠ ಹಾಗೆಯೇ ಇರುತ್ತದೆ, ಪಕ್ಕದಲ್ಲಿ ಒಂದು ಕಾಗದ ಅಂಟುತ್ತದೆ.

ಕೋರಮಂಗಲದ ಆಟಗಾರ

ಮೇಷ್ಟ್ರೇ, ನಿಮ್ಮ ಕೊನೆಯ ವಾಕ್ಯವನ್ನು ನಾನು ಎರವಲು ಪಡೆಯುತ್ತೇನೆ. ನಮ್ಮ ಉದ್ಯಮದಲ್ಲಿಯೂ ಕಲಿಕೆಯ ಆ್ಯಪ್‌ಗಳಿಗೆ ಬ್ಯಾಡ್ಜ್ ಅಂಟಿಸುವುದು ಇದೇ ಕಾರಣಕ್ಕೆ. ಪಾಠವನ್ನು ಮತ್ತೆ ರೂಪಿಸುವುದಕ್ಕಿಂತ ಅದು ಅಗ್ಗ. ನೆಲದ ಆಟ ನಿಮಗೆ ಆಗದಿದ್ದರೆ ಬಿಡಿ, ಒಂದೇ ಒಂದು ಅಂಶ ತೆಗೆದುಕೊಳ್ಳಿ: ಒಂದೇ ವಿಷಯದ ಲೆಕ್ಕಗಳನ್ನು ಸುಲಭ, ಮಧ್ಯಮ, ಕಠಿಣ ಎಂದು ಮೂರು ಸಾಲಾಗಿ ಬೋರ್ಡಿನ ಮೇಲೆ ಬರೆದು, ಯಾವ ಸಾಲಿನಿಂದ ಬೇಕಾದರೂ ಶುರುಮಾಡಿ ಎಂದು ಬಿಡಿ. ಇದಕ್ಕೆ ಹೆಚ್ಚು ಸಮಯ ಬೇಡ.

ಮ್ಯೂನಿಕ್ ಕನ್ನಡಿಗ

ಜರ್ಮನ್ ಕಲಿಯಲು ಒಂದು ಜನಪ್ರಿಯ ಆ್ಯಪ್ ಬಳಸುತ್ತಿದ್ದೆ, ಹೆಸರು ಬೇಡ. ಪ್ರತಿದಿನ ತಪ್ಪದೆ ಒಂದು ಪಾಠ ಮಾಡಿದರೆ ದಿನಗಳ ಸರಪಳಿ ಬೆಳೆಯುತ್ತದೆ, ವಾರಕ್ಕೊಮ್ಮೆ ಅಪರಿಚಿತರೊಂದಿಗೆ ಅಂಕಗಳ ಪಂದ್ಯ ನಡೆಯುತ್ತದೆ. ಭಾನುವಾರ ರಾತ್ರಿ ಪಂದ್ಯ ಮುಗಿಯುವ ಹೊತ್ತಿಗೆ ನಾನು ಮಾಡುತ್ತಿದ್ದದ್ದು ಹೊಸ ಪಾಠಗಳನ್ನಲ್ಲ, ಬೇಗ ಮುಗಿಯುವ ಹಳೆಯ ಪಾಠಗಳನ್ನು. ಅಂಕ ಎರಡಕ್ಕೂ ಬರುತ್ತದಲ್ಲ! ದವಾಖಾನೆಯ ಸ್ವಾಗತದಲ್ಲಿ ಕೂತವರಿಗೆ ನನ್ನ ಹೊಟ್ಟೆನೋವನ್ನು ವಿವರಿಸಲು ಆ ಅಂಕಗಳು ಒದಗಿಬರಲಿಲ್ಲ. ಆದರೂ ಒಂದು ಮಾತು ಒಪ್ಪಬೇಕು: ಮೊದಲ ಕೆಲವು ತಿಂಗಳು ದಿನವೂ ಪುಸ್ತಕ ತೆರೆಯುವ ಅಭ್ಯಾಸ ಬಂದದ್ದು ಆ ಸರಪಳಿಯಿಂದಲೇ. ಅಳೆಯುವುದು ಏನನ್ನೋ, ಜನ ಬೆಳೆಸುವುದೂ ಅದನ್ನೇ. ಆದ್ದರಿಂದ ಟೀಚರ್ ಅವರು ಸರಿಯುತ್ತರಗಳನ್ನು ಎಣಿಸಲು ಹೊರಟರೆ ಮಕ್ಕಳು ಸುಲಭದ ಲೆಕ್ಕಗಳನ್ನೇ ಹುಡುಕುತ್ತಾರೆ ಎಂದು ನನಗನ್ನಿಸುತ್ತದೆ.

ಮನಶ್ಶಾಸ್ತ್ರದ ವಿದ್ಯಾರ್ಥಿನಿ

ಇದಕ್ಕೆ ಹೊಂದುವ ಒಂದು ಅಧ್ಯಯನವಿದೆ. ಮೈಕೆಲ್ ಹೇನಸ್ ಮತ್ತು ಜೆಸ್ಸಿ ಫಾಕ್ಸ್ 2015ರಲ್ಲಿ ಪ್ರಕಟಿಸಿದಂತೆ, ಕಾಲೇಜಿನ ಒಂದೇ ಪಾಠಕ್ರಮವನ್ನು ಎರಡು ತರಗತಿಗಳಲ್ಲಿ ನಡೆಸಿ, ಒಂದರಲ್ಲಿ ಮಾತ್ರ ಬ್ಯಾಡ್ಜ್ ಮತ್ತು ಸ್ಥಾನಪಟ್ಟಿ ಇಟ್ಟಾಗ, ಆ ತರಗತಿಯವರ ಆಸಕ್ತಿ ಕ್ರಮೇಣ ಉಳಿದವರಿಗಿಂತ ಕುಗ್ಗಿತು. ಅದರ ಪರಿಣಾಮ ಕೊನೆಯ ಪರೀಕ್ಷೆಯ ಅಂಕಗಳಲ್ಲಿಯೂ ಕಂಡಿತು.

ಆಟಗಾರರ ಹನ್ನೆರಡು ಮನೆಯ ಪಟ್ಟಿಗೆ ನನ್ನದೊಂದು ಸಣ್ಣ ಸೇರ್ಪಡೆ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ತೋರಿಸಿದಂತೆ, 1ರಿಂದ 10ರವರೆಗೆ ನೇರವಾಗಿ ಸಾಲಾಗಿ ಬರೆದ ಮನೆಗಳ ಆಟವನ್ನು ಕೆಲವೇ ಸಲ ಆಡಿದ ಬಡ ಕುಟುಂಬಗಳ ಪುಟ್ಟ ಮಕ್ಕಳಲ್ಲಿ ಸಂಖ್ಯೆಗಳ ತಿಳಿವಳಿಕೆ ಗಮನಾರ್ಹವಾಗಿ ಹೆಚ್ಚಿತು. ಸಂಖ್ಯೆಯ ಬದಲು ಬಣ್ಣಗಳಿದ್ದ ಅದೇ ಆಟದಿಂದ ಹಾಗೆ ಆಗಲಿಲ್ಲ. ಮುಂದಿನ ಅಧ್ಯಯನಗಳಲ್ಲಿ ಇನ್ನೊಂದು ಸೂಕ್ಷ್ಮ ಹೊರಬಂತು: ಕಾಯಿ ನಡೆಸುವಾಗ "ಒಂದು, ಎರಡು" ಎಂದು ಎಣಿಸುವ ಬದಲು, ನಿಂತ ಮನೆಯಿಂದ ಮುಂದಕ್ಕೆ "ಆರು, ಏಳು" ಎಂದು ಹೇಳುತ್ತಾ ನಡೆಸಿದವರಿಗೆ ಹೆಚ್ಚು ಲಾಭವಾಯಿತು. ನಿಮ್ಮ ಆಟದಲ್ಲಿಯೂ ಮಕ್ಕಳು "ಎಂಟು ಹನ್ನೆರಡನೇ ಭಾಗ, ಒಂಬತ್ತು ಹನ್ನೆರಡನೇ ಭಾಗ" ಎಂದು ಬಾಯಿಬಿಟ್ಟು ಹೇಳುತ್ತಾ ಕಾಯಿ ನಡೆಸುವಂತೆ ನಿಯಮ ಮಾಡಿದರೆ ಒಳ್ಳೆಯದು.

ಏಲಕ್ಕಿ ಸೀಮೆ ಟೀಚರ್

ಎಲ್ಲರಿಗೂ ಧನ್ಯವಾದ. ಈ ಚರ್ಚೆಯನ್ನು ಮುಖ್ಯೋಪಾಧ್ಯಾಯರಿಗೆ ಓದಿ ಹೇಳಿದೆ. ನಲಿಕಲಿಯ ಮಾತು ಬಂದಾಗ ಅವರು ಸ್ವಲ್ಪ ಮೆತ್ತಗಾದರು, ಏಕೆಂದರೆ ಅವರೇ ಹಿಂದೆ ನಲಿಕಲಿ ತರಗತಿ ನಡೆಸಿದವರು. ಭಿನ್ನರಾಶಿಯ ಪಾಠ ಮುಗಿಯುವವರೆಗೆ ಸ್ಥಾನಪಟ್ಟಿ ಬೇಡ ಎಂದು ಒಪ್ಪಿದ್ದಾರೆ. ಮಗ್ಗಿಗೆ ಮಾತ್ರ ಜಯನಗರದವರ ಮುದ್ರೆಯ ಕಾರ್ಡ್ ಇರಲಿ ಎಂದರು. ನಾನೂ ಅಡ್ಡಿ ಹೇಳಲಿಲ್ಲ.

ಪಾಠವನ್ನು ಒಂಬತ್ತು ಮೆಟ್ಟಿಲುಗಳ ಏಣಿಯಾಗಿ ಬರೆದುಕೊಂಡಿದ್ದೇನೆ: ರೊಟ್ಟಿಯನ್ನು ಸಮಭಾಗ ಮಾಡುವುದರಿಂದ ಹಿಡಿದು ಬೇರೆ ಬೇರೆ ಛೇದಗಳ ಭಿನ್ನರಾಶಿಗಳನ್ನು ಹೋಲಿಸುವವರೆಗೆ. ಪ್ರತಿ ಮೆಟ್ಟಿಲಿಗೂ ಕಿರುಪರೀಕ್ಷೆಯ ಚೀಟಿಯಿದೆ. ಸೋತವರು ಅದೇ ದಿನ ಬೇರೊಂದು ಚೀಟಿ ಎತ್ತಿಕೊಂಡು ಮತ್ತೆ ಬರೆಯಬಹುದು, ಕೊನೆಯದಾಗಿ ಬಂದ ಫಲವನ್ನಷ್ಟೇ ಬರೆದಿಡುತ್ತೇನೆ. ಹನ್ನೆರಡು ಮನೆಯ ಆಟವನ್ನು ಐದನೇ ಮೆಟ್ಟಿಲಿಗೆ ಇಟ್ಟಿದ್ದೇನೆ. ದಾನಿಗಳ ಹಣದಲ್ಲಿ ದಪ್ಪ ರಟ್ಟು, ಬಣ್ಣ ಮತ್ತು ಚೀಟಿ ಇಡಲು ಡಬ್ಬಿ ತಂದು, ಪ್ರತಿ ಮಗುವೂ ಮನೆಗೆ ಒಯ್ಯಬಹುದಾದ ಒಂದೊಂದು ಆಟದ ಹಾಳೆ ಮಾಡಿಸುವ ವಿಚಾರವಿದೆ; ಪ್ರಾರ್ಥನೆಯ ಹೊತ್ತಿಗೆ ಏನಾದರೂ ಕಾಣಿಸಲೇಬೇಕು ಎಂಬುದು ದಾನಿಗಳ ಆಸೆಯಾದ್ದರಿಂದ, ಐದನೆಯವರು ನಾಲ್ಕನೆಯವರಿಗೆ ಆಟ ಹೇಳಿಕೊಡುವ ಕಾರ್ಯಕ್ರಮ ಇಡುತ್ತೇವೆ.

ನಿನ್ನೆ ಮಧ್ಯಾಹ್ನದ ಊಟದ ನಂತರ ಆರು ಮಕ್ಕಳನ್ನು ಕೂರಿಸಿ ಆಡಿಸಿ ನೋಡಿದೆ. ಜಗಳ ಆಟಗಾರರು ಹೇಳಿದಂತೆಯೇ ಎದ್ದಿತು, ಆದರೆ 2/6ಕ್ಕಲ್ಲ, 3/12ಕ್ಕೆ. ಒಂದು ತೊಡಕು ಮಾತ್ರ ಉಳಿದಿದೆ: ಇಬ್ಬರ ಕಾಯಿಗಳು ಹನ್ನೊಂದನೇ ಮನೆಗೆ ಬಂದು ನಿಂತು, 1/12ರ ಚೀಟಿ ಸಿಗದೆ ಬಹಳ ಹೊತ್ತು ಅಲ್ಲಿಯೇ ಉಳಿದವು. ಅವರು ಬೇಸತ್ತು ಪಕ್ಕದ ಗುಂಪಿನ ಕಡೆ ನೋಡತೊಡಗಿದರು. ಹನ್ನೊಂದನ್ನೂ ಹಣ್ಣು ಎಂದು ಬಿಡಲೇ?

ಕೋರಮಂಗಲದ ಆಟಗಾರ

ಬೇಡ ಮೇಡಂ, ಹಾಗೆ ಬಿಟ್ಟರೆ 11/12 ಮತ್ತು 1 ಒಂದೇ ಎಂದಂತಾಗುತ್ತದೆ. ಎರಡು ಬದಲಾವಣೆ ಮಾಡಿ. ಮೊದಲನೆಯದು, ಕೈಯಲ್ಲಿರುವ ಎರಡೂ ಚೀಟಿಗಳು ಹೊಂದದಿದ್ದರೆ ಒಂದನ್ನು ಕಟ್ಟಿನ ಅಡಿಗಿಟ್ಟು ಹೊಸದನ್ನು ಎತ್ತಿಕೊಳ್ಳಲಿ, ಆ ಸರದಿ ಅಷ್ಟಕ್ಕೇ ಮುಗಿಯಲಿ. ಎರಡನೆಯದು, ಬೇಕಾದರೆ ಹಿಂದಕ್ಕೂ ನಡೆಯಬಹುದು ಎಂದು ನಿಯಮ ಮಾಡಿ. ಆಗ ಹನ್ನೊಂದರಲ್ಲಿ ಸಿಕ್ಕಿಬಿದ್ದು 1/4 ಹಿಡಿದಿರುವ ಮಗು ಎಂಟಕ್ಕೆ ಇಳಿದು 1/3ಕ್ಕೆ ಕಾಯಬಹುದು, ಕಳೆಯುವ ಲೆಕ್ಕವೂ ತಾನಾಗಿ ಬರುತ್ತದೆ. 1/12ರ ಚೀಟಿಗಳನ್ನು ಒಂದೆರಡು ಹೆಚ್ಚಿಸಬಹುದು, ಆದರೆ ತೀರಾ ಹೆಚ್ಚು ಬೇಡ. ಹನ್ನೊಂದು ಕೆಟ್ಟ ಮನೆಯಾಗಿಯೇ ಇರಲಿ, ಹತ್ತರಲ್ಲೋ ಎಂಟರಲ್ಲೋ ನಿಲ್ಲುವುದು ಮೇಲೆಂದು ಅವರಿಗೇ ಹೊಳೆಯಬೇಕು. ಆಟ ಸಲೀಸಾದ ಮೇಲೆ ಮನೆಗಳ ಗೆರೆಗಳನ್ನು ಅಳಿಸಿ 0, 1/2, 1 ಮಾತ್ರ ಉಳಿಸಿ ಆಡಿಸಿ, ಏನಾಯಿತೆಂದು ಇಲ್ಲಿ ಬರೆಯಿರಿ.